ಹತ್ತಕ್ಕೆ ಮೂರು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಂತು ನಿಂತೇ ಹನ್ನೊಂದು ವರ್ಷ ಕಳೆದವಳನ್ನು ಆ ಊರಿನಲ್ಲಿದ್ದ ನಮ್ಮ ಭಾಷೆಯ ಜನರೆಲ್ಲ ಇಸ್ತ್ರಿ ಅಕ್ಕ ಎಂದು ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಅವಳು ಅಕ್ಕ ಆದಮೇಲೆ ಅವಳ ಗಂಡ ತಾನಾಗಿಯೇ ಎಲ್ಲರಿಗೂ ಭಾವ ಆದ. ಹುಟ್ಟಿದ ಊರಿನಲ್ಲಿ ಅವನನ್ನು ಮೇಸ್ತ್ರಿ ಅನ್ನುತ್ತಿದ್ದರು. ಆ ಹೆಸರು ವಿಮಾನ ಹತ್ತುವಾಗ ಅಲ್ಲೇ ಉಳಿದುಹೋಯಿತು. ತೂಕ ಹೆಚ್ಚಾಯಿತೋ ಏನೋ.

ಒಂದು ದಿನ ಅಕ್ಕನ ಮೇಲ್ವಿಚಾರಕಿ ಒಂದು ಕಾಗದ ಹಿಡಿದುಕೊಂಡು ಬಂದಳು. ಹೊರದೇಶಗಳಿಂದ ಬಂದು ನೆಲೆಸಿದವರನ್ನು ನೋಡಿಕೊಳ್ಳುವ ಕಚೇರಿಯೊಂದಿತ್ತು. ಆ ಕಚೇರಿಯವರಿಗೆ, ಬಂದವರೆಲ್ಲ ಇಲ್ಲಿ ಎಷ್ಟು ತೃಪ್ತಿಯಿಂದಿದ್ದಾರೆ ಎಂದು ತಿಳಿಯಬೇಕಾಗಿತ್ತು. ಮನೆಮನೆಗೆ ಹೋಗಿ ಕೇಳಲು ಎರಡೂ ಭಾಷೆ ಬಲ್ಲವರು ಬೇಕಾಗಿದ್ದರು. ವಾರಕ್ಕೆ ಎರಡು ಮಧ್ಯಾಹ್ನದ ಕೆಲಸ. ಅಕ್ಕ ಎರಡು ಸಲ ಯೋಚಿಸದೆ ಒಪ್ಪಿಕೊಂಡಳು. ಹನ್ನೊಂದು ವರ್ಷ ಹಾಸಿಗೆಯ ದುಪ್ಪಟಿಗಳ ಜೊತೆ ಕಳೆದವಳಿಗೆ, ಬಾಯಿ ಇರುವವರ ಜೊತೆ ಕೆಲಸ ಎಂದರೆ ಬಡ್ತಿಯೇ.

ಒಂದು ಬೆಳಗ್ಗೆ ತರಬೇತಿ ಕೊಟ್ಟರು. ಹೇಳಿದ್ದನ್ನು ಹೇಳಿದ ಹಾಗೇ ಹೇಳಬೇಕು, ಉಪ್ಪು ಖಾರ ಸೇರಿಸಬಾರದು, ಇದ್ದದ್ದನ್ನು ತೆಗೆಯಲೂಬಾರದು. ಉತ್ತರ ಕೊಡುವವರು ‘ನಾನು’ ಅಂದರೆ ಅನುವಾದ ಮಾಡುವವಳೂ ‘ನಾನು’ ಅಂತಲೇ ಹೇಳಬೇಕು, ‘ಅವರು ಹೀಗಂತಾರೆ’ ಅನ್ನಬಾರದು. ಒಂದು ಮನೆಯಲ್ಲಿ ಕೇಳಿದ್ದು ಆ ಮನೆಯ ಹೊಸ್ತಿಲು ದಾಟಬಾರದು. ಅಕ್ಕ ಎಲ್ಲದರ ಕೆಳಗೂ ಸಹಿ ಹಾಕಿದಳು.

ಅವಳ ಜೊತೆ ಬರುತ್ತಿದ್ದ ಅಧಿಕಾರಿ ತನ್ನ ಅರ್ಧದಷ್ಟಿದ್ದ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ನಡೆಯುವ ಸಣಕಲು ಹೆಂಗಸು. ಎರಡನೆಯ ಮನೆಗೆ ಹೋಗುವ ಹೊತ್ತಿಗೆ ನಮ್ಮವರು ಅವಳಿಗೆ ಪ್ರಶ್ನೆ ಮೇಡಂ ಎಂದು ಹೆಸರಿಟ್ಟಾಗಿತ್ತು. ಅವಳ ಹತ್ತಿರ ಮೂವತ್ತಾರು ಪ್ರಶ್ನೆಗಳಿದ್ದವು. ಮನೆ ಹೇಗಿದೆ, ಕೆಲಸ ಹೇಗಿದೆ, ಅಕ್ಕಪಕ್ಕದವರು ಹೇಗಿದ್ದಾರೆ ಎಂದು ಒಂದೊಂದಾಗಿ ಕೇಳುತ್ತ ಬಂದು ಕಡೆಗೆ, ಎಲ್ಲವನ್ನೂ ಸೇರಿಸಿ ನೋಡಿದರೆ ಸೊನ್ನೆಯಿಂದ ಹತ್ತರೊಳಗೆ ನಿಮಗೆ ಬದುಕಿನಲ್ಲಿ ಎಷ್ಟು ತೃಪ್ತಿಯಿದೆ ಎಂದು ಕೇಳುತ್ತಿದ್ದಳು.

ಅಕ್ಕನಿಗೆ ತೊಡಕಾದದ್ದು ಆ ಒಂದು ಮಾತಿನಿಂದಲೇ. ನಮ್ಮಲ್ಲಿ ತೃಪ್ತಿ ಅನ್ನುವುದು ಉಂಡು ಕೈ ತೊಳೆದವರಿಗೆ ಆಗುತ್ತದೆ, ಇಲ್ಲವೇ ಸತ್ತವರ ಆತ್ಮಕ್ಕೆ. ಎರಡರ ನಡುವೆ ಇರುವವರು ‘ಪರವಾಗಿಲ್ಲ’ ಅನ್ನುತ್ತಾರೆ, ‘ಏನೋ ನಡೀತಿದೆ’ ಅನ್ನುತ್ತಾರೆ. ‘ಪರವಾಗಿಲ್ಲ’ ಅಂದರೆ ಹತ್ತಕ್ಕೆ ಎಷ್ಟು ಎಂದು ಮೇಡಂ ಕೇಳಿದಳು. ಅದನ್ನು ಹೇಳುವ ಮೊದಲು ಬಿಡುವ ಉಸಿರು ಎಷ್ಟು ಉದ್ದ ಅನ್ನುವುದರ ಮೇಲೆ ಹೋಗುತ್ತದೆ ಎಂದು ಅಕ್ಕ ಹೇಳಿದಳು. ಮೇಡಂ ಅದನ್ನೂ ಬರೆದುಕೊಂಡಳು.

ಕಟಿಂಗ್ ಮಾವ ಎಂದು ಎಲ್ಲರೂ ಕರೆಯುತ್ತಿದ್ದ ಕ್ಷೌರದಂಗಡಿಯವನು ಪ್ರಶ್ನೆ ಮುಗಿಯುವ ಮೊದಲೇ ಹತ್ತು ಅಂದುಬಿಟ್ಟ. ಇದಕ್ಕೂ ಇಲ್ಲಿ ಇರಲು ಕೊಡುವ ಕಾಗದಪತ್ರಕ್ಕೂ ಸಂಬಂಧವಿಲ್ಲ, ಹೆದರಬೇಡಿ ಎಂದು ಮೇಡಂ ಸಮಾಧಾನ ಹೇಳಿದಳು. ಹಾಗಾದರೆ ಹನ್ನೊಂದು ಹಾಕಿ ಅಂದ. ಬಸ್ ಓಡಿಸುವವನು ಎಲ್ಲದಕ್ಕೂ ಎಂಟು ಅಂದ. ಅವನ ಮನೆಯಲ್ಲಿ ಉತ್ತರ ಕೊಡಬೇಕೆಂದು ಕಚೇರಿಯ ಚೀಟಿ ಬಂದದ್ದು ಅವನಿಗಲ್ಲ, ಅವನ ತಾಯಿಗೆ ಎಂದು ಅರ್ಧ ದಾರಿಯಲ್ಲಿ ಗೊತ್ತಾಯಿತು. ಮುದುಕಿಯನ್ನು ಕರೆಸಿ ಮೊದಲಿನಿಂದ ಕೇಳಿದರು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಕರೆದುಕೊಂಡು ಬರುವಾಗ ಯಾರೂ ಕೇಳಲಿಲ್ಲ, ಈಗ ಕೇಳಿ ಏನು ಮಾಡುತ್ತಾರಂತೆ ಅಂದಳು. ಮೇಡಂ ಅಂಕಿಗಾಗಿ ಪೆನ್ನು ಹಿಡಿದು ಕಾದಳು. ಒಂದು ಹಾಕು ಅಂದಳು ಮುದುಕಿ. ಆಮೇಲೆ, ಬೇಡ, ಮಗ ಬೇಜಾರು ಮಾಡಿಕೊಳ್ಳುತ್ತಾನೆ, ಎಂಟು ಹಾಕು ಅಂದಳು. ಅಕ್ಕ ನಿಯಮದ ಪ್ರಕಾರ ಎಲ್ಲವನ್ನೂ ಹೇಳಿದಳು. ಮೇಡಂ ನಿಯಮದ ಪ್ರಕಾರ ಕೊನೆಯ ಉತ್ತರವನ್ನು ಬರೆದುಕೊಂಡಳು. ಎಂಟು.

ಮೂರನೆಯ ವಾರದ ಪಟ್ಟಿಯಲ್ಲಿ ಅಕ್ಕನ ಮನೆಯ ನಂಬರೇ ಇತ್ತು.

ಇದು ನನ್ನ ಮನೆ ಎಂದು ಅಕ್ಕ ಹೇಳಿದಳು. ಮೇಡಂ ಕಚೇರಿಗೆ ಫೋನ್ ಮಾಡಿದಳು. ಪಟ್ಟಿಯನ್ನು ಯಂತ್ರ ಆರಿಸುತ್ತದೆ, ಮನುಷ್ಯರು ಕೈ ಹಾಕುವ ಹಾಗಿಲ್ಲ ಎಂದು ಕಚೇರಿ ಹೇಳಿತು. ಆ ಮನೆಯಿಂದ ಯಂತ್ರ ಆರಿಸಿದ್ದು ಭಾವನನ್ನು. ನಮ್ಮ ಭಾಷೆ ಬಲ್ಲ ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಳು. ಭಾವನಿಗೋ ಆ ದೇಶದ ಭಾಷೆ ಎಡ, ಬಲ, ಭಾರ, ಊಟದ ಹೊತ್ತು ಇಷ್ಟಕ್ಕೆ ಮಾತ್ರ ಸಾಕಾಗುವಷ್ಟು ಬರುತ್ತಿತ್ತು. ಅವನ ಅಭ್ಯಂತರವಿಲ್ಲದಿದ್ದರೆ ಹೆಂಡತಿಯೇ ಅನುವಾದ ಮಾಡಬಹುದು, ಇಬ್ಬರೂ ಸಹಿ ಹಾಕಲಿ ಎಂದು ತೀರ್ಮಾನವಾಯಿತು. ಅಭ್ಯಂತರ ಯಾಕೆ ಅಂದ ಭಾವ. ಸರ್ಕಾರದವರು ತಾವಾಗಿ ಮನೆ ಬಾಗಿಲಿಗೆ ಬರುತ್ತಿದ್ದಾರೆ, ಸ್ವಲ್ಪ ಒಳ್ಳೆಯ ಅಂಗಿ ಹಾಕಿಕೊ ಅಂದಳು ಅವನ ತಾಯಿ.

ಮನೆ ಮೂರನೆಯ ಮಹಡಿಯಲ್ಲಿತ್ತು. ಒಂದು ಹಾಲು, ಎರಡು ಕೋಣೆ. ಅಡಿಗೆಮನೆಗೂ ಹಾಲಿಗೂ ನಡುವೆ ಒಂದು ಹೂವಿನ ಪರದೆ. ಉತ್ತರ ಕೊಡುವಾಗ ಮನೆಯ ಬೇರೆಯವರು ಎದುರಿಗಿರಬಾರದು ಎಂದು ಮೇಡಂ ಹೇಳಿದ್ದಕ್ಕೆ ಅತ್ತೆ ಮರ್ಯಾದೆಯಿಂದ ಎದ್ದು ಪರದೆಯ ಆಚೆ ಹೋದಳು. ಅಲ್ಲಿ ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ. ಹದಿನಾರು ವರ್ಷದ ಮಗಳು ಶಾಲೆಯಲ್ಲಿದ್ದಳು. ಭಾವ ಕಾಲು ಜೋಡಿಸಿಕೊಂಡು ಸೋಫಾದ ತುದಿಯಲ್ಲಿ ಕೂತ. ಅಕ್ಕ ಮೇಡಂ ಪಕ್ಕದ ಕುರ್ಚಿಯಲ್ಲಿ, ತನ್ನ ಮನೆಯಲ್ಲೇ ನೆಂಟರ ಹಾಗೆ ಕೂತಳು.

ಮೊದಮೊದಲು ಎಲ್ಲ ಸುಸೂತ್ರವಾಗಿ ನಡೆಯಿತು. ಮನೆಗೆ ಎಂಟು. ಅಕ್ಕಪಕ್ಕದವರಿಗೆ ಏಳು. ಆಸ್ಪತ್ರೆ, ಬಸ್ಸು, ಮಗಳ ಶಾಲೆ, ಎಲ್ಲಕ್ಕೂ ಒಳ್ಳೆಯ ಅಂಕವೇ. ಅಕ್ಕ ದುಪ್ಪಟಿ ಮಡಿಸುವ ಹಾಗೆ ಒಂದೊಂದನ್ನೇ ಮಡಿಸಿ ಆಚೆ ಇಡುತ್ತ ಹೋದಳು. ಹದಿನೆಂಟನೆಯ ಪ್ರಶ್ನೆ ಬಂತು: ನಿಮ್ಮ ಈಗಿನ ಕೆಲಸ ನಿಮಗೆ ಗೊತ್ತಿರುವ ವಿದ್ಯೆಗೆ ತಕ್ಕದ್ದೇ?

ಭಾವ ಸ್ವಲ್ಪ ಹೊತ್ತು ತನ್ನ ಕೈ ನೋಡಿಕೊಂಡ.

“ನಾನು ಬಾಗಿಲು ಮಾಡ್ತಿದ್ದೆ. ಈಗ ಪೀಠೋಪಕರಣದ ಗೋದಾಮಿನಲ್ಲಿ ಸ್ಕ್ರೂ ಎಣಿಸ್ತೀನಿ. ಒಂದು ಪೊಟ್ಟಣಕ್ಕೆ ಹದಿನಾರು. ಕೊಂಡೋರು ಮನೆಗೆ ಹೋಗಿ ತಾವೇ ಜೋಡಿಸ್ಕೋತಾರೆ. ಸೇರಿದ ದಿನ ಸ್ಕ್ರೂಡ್ರೈವರ್ ಹಿಡಿಯೋದು ಹೇಗೆ ಅಂತ ಅರ್ಧ ಗಂಟೆ ವಿಡಿಯೋ ತೋರಿಸಿದ್ರು. ಕೊನೇಲಿ ಒಂದು ಸರ್ಟಿಫಿಕೇಟ್ ಕೊಟ್ರು.”

“ನಾನು ಬಾಗಿಲು ಮಾಡುತ್ತಿದ್ದೆ” ಎಂದು ಅಕ್ಕ ಆ ದೇಶದ ಭಾಷೆಯಲ್ಲಿ ಹೇಳಿದಳು. ಮೇಡಂ ತಲೆಯಾಡಿಸಿದಳು. ಅಕ್ಕ ಮುಂದುವರಿಸಿ, ತಾನು ಈಗ ಸ್ಕ್ರೂ ಎಣಿಸುವುದನ್ನೂ, ತನಗೆ ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿಸಿದ್ದನ್ನೂ ಹೇಳಿದಳು. ಆ ಸರ್ಟಿಫಿಕೇಟು ಅವರ ಮನೆಯಲ್ಲೇ ಇತ್ತು. ಸೀಲು ಹೊಡೆದ ಕಾಗದ ಎಂದು ಅತ್ತೆ ಅದಕ್ಕೆ ಗಾಜು ಹಾಕಿಸಿ ಟೀವಿಯ ಮೇಲೆ ತೂಗುಹಾಕಿಸಿದ್ದಳು. ಅಕ್ಕ ದಿನಾ ಅದರ ಧೂಳು ಒರೆಸುತ್ತಿದ್ದಳು. ಬಾಗಿಲಿನ ಮಾತನ್ನೂ ಈ ಕಾಗದವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದ್ದು ಅವತ್ತೇ ಮೊದಲು.

ಕೆಲಸಕ್ಕೆ ಎರಡು ಅಂದ ಭಾವ. ಎರಡು ಅಂದಳು ಅಕ್ಕ.

ಮೂವತ್ತಾರನೆಯ ಪ್ರಶ್ನೆಗೆ ಅವನು ಹೆಚ್ಚು ಯೋಚಿಸಲಿಲ್ಲ.

“ಮೂರು.”

ಅಕ್ಕನಿಗೆ ಹದಿಮೂರು ಎಂದು ಕೇಳಿಸಿದಂತಾಯಿತು. ಹತ್ತಕ್ಕೆ ಹದಿಮೂರು ಹೇಗೆ ಎಂದು ಒಂದು ಕ್ಷಣ ಲೆಕ್ಕ ಹಾಕಿ, ಇನ್ನೊಮ್ಮೆ ಹೇಳಿ ಅಂದಳು. ಮೂರು ಅಂದ ಅವನು, ಬೆರಳೂ ತೋರಿಸಿದ. ಮೇಡಂಗೆ ಬೆರಳು ಅರ್ಥವಾಗಿ ಆಗಲೇ ಬರೆದುಕೊಂಡಾಗಿತ್ತು. ಆದರೂ ಅಕ್ಕ ಮೂರು ಎಂದು ಹೇಳಿದಳು, ಸಹಿ ಹಾಕಿದವಳಲ್ಲವೇ.

ಐದಕ್ಕಿಂತ ಕಡಿಮೆ ಕೊಟ್ಟವರಿಗೆ ಇನ್ನೊಂದು ಹಾಳೆ ಇತ್ತು. ಇಷ್ಟು ದಿನದಲ್ಲಿ ಅದು ಚೀಲದಿಂದ ಹೊರಗೆ ಬಂದೇ ಇರಲಿಲ್ಲ. ಇದನ್ನು ಮನೆಯವರ ಹತ್ತಿರ ಹೇಳಿಕೊಂಡಿದ್ದೀರಾ ಎಂದು ಮೇಡಂ ಕೇಳಿದಳು. ಇಲ್ಲ ಅಂದ ಭಾವ. ಯಾಕೆ ಎಂದು ಕೇಳಿದಳು.

“ಯಾರೂ ಕೇಳ್ಲಿಲ್ಲ” ಅಂದ ಅವನು. ಜಗಳದ ದನಿಯಲ್ಲಲ್ಲ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ದನಿಯಲ್ಲಿ.

“ಯಾರೂ ನನ್ನನ್ನು ಕೇಳಲಿಲ್ಲ” ಎಂದು ಅಕ್ಕ ಅದೇ ದನಿಯಲ್ಲಿ ಮೇಡಂಗೆ ಹೇಳಿದಳು.

ಮೇಡಂ ಹೊರಟುಹೋದ ಮೇಲೆ ಪರದೆ ಸರಿಯಿತು. ಅತ್ತೆಗೆ ಯಾವ ನಿಯಮವೂ ಇರಲಿಲ್ಲ, ಅವಳು ಎಲ್ಲಿಯೂ ಸಹಿ ಹಾಕಿರಲಿಲ್ಲ. ಮೂರಂತೆ ಮೂರು, ಭಿಕ್ಷೆ ಹಾಕಿದ ಹಾಗೆ, ಬಂದ ಹೆಂಗಸು ಏನೆಂದುಕೊಂಡಳೋ ಎಂದು ಶುರು ಮಾಡಿದವಳು ಸುಮಾರು ಹೊತ್ತು ನಿಲ್ಲಿಸಲಿಲ್ಲ. ವಿಚಿತ್ರವೆಂದರೆ ಈ ಹನ್ನೊಂದು ವರ್ಷ ಬೆಳಗಾದರೆ ಆ ದೇಶದ ಚಳಿಯನ್ನೂ, ರುಚಿಯಿಲ್ಲದ ತರಕಾರಿಯನ್ನೂ, ನಗುವವರನ್ನೂ ನಗದಿರುವವರನ್ನೂ ಬೈಯುತ್ತ ಬಂದವಳು ಅವಳೇ.

“ನನ್ನನ್ನ ಕೇಳಿದ್ರೆ ಒಂಬತ್ತು ಕೊಡ್ತಿದ್ದೆ” ಅಂದಳು. “ಇಲ್ಲಿ ಬಸ್ಸು ನನ್ನ ನೋಡಿ ಮಂಡಿ ಬಗ್ಗಿಸುತ್ತೆ. ಅಲ್ಲಿ ನಿಮ್ಮಪ್ಪ ಕೂಡ ಬಗ್ಗಿಸಿರಲಿಲ್ಲ.”

ಆ ದೇಶದ ಬಸ್ಸುಗಳು ವಯಸ್ಸಾದವರು ಹತ್ತುವಾಗ ಒಂದು ಪಕ್ಕ ಕೆಳಗೆ ಇಳಿಯುತ್ತಿದ್ದದ್ದು ನಿಜ. ಭಾವ ಒಳ್ಳೆಯ ಅಂಗಿ ಬಿಚ್ಚಿ ಮೊಳೆಗೆ ಹಾಕಿ ಮಲಗುವ ಕೋಣೆಗೆ ಹೋದ.

ನಾಲ್ಕು ದಿನ ಮನೆಯಲ್ಲಿ ಎಲ್ಲ ಎಂದಿನಂತೆಯೇ ನಡೆಯಿತು. ಕೇಳಿದ್ದು ಹೊಸ್ತಿಲು ದಾಟಬಾರದು ಎಂದು ಕಾಗದದಲ್ಲಿತ್ತು. ಹೊಸ್ತಿಲೊಳಗೇ ವಾಸ ಮಾಡುವವಳು ಏನು ಮಾಡಬೇಕು ಎಂದು ಬರೆದಿರಲಿಲ್ಲ. ಅಕ್ಕ ಊಟಕ್ಕೆ ಬಡಿಸುವಾಗ, ಇದು ಹತ್ತಕ್ಕೆ ಮೂರರವನ ತಟ್ಟೆ ಎಂದು ಅವಳಿಗೆ ತಾನಾಗಿಯೇ ಅನ್ನಿಸುತ್ತಿತ್ತು. ಈ ದೇಶಕ್ಕೆ ಬರೋಣ ಎಂದು ಹಟ ಹಿಡಿದವಳು ಅವಳೇ. ಮೊದಲು ಕೆಲಸ ಸಿಕ್ಕಿದ್ದೂ ಅವಳಿಗೇ. ಅವನು ಚೆನ್ನಾಗಿ ನಡೆಯುತ್ತಿದ್ದ ತನ್ನ ಮರಗೆಲಸದ ಅಂಗಡಿ ಮುಚ್ಚಿ, ಉಳಿ ಗರಗಸಗಳನ್ನೆಲ್ಲ ತಮ್ಮನಿಗೆ ಕೊಟ್ಟು, ಏನೊಂದೂ ಹೇಳದೆ ಹಿಂದೆ ಬಂದಿದ್ದ. ಅದೇ ತಮ್ಮ ವಾರಕ್ಕೊಮ್ಮೆ ಫೋನ್ ಮಾಡಿದಾಗ ಭಾವ ‘ಚೆನ್ನಾಗಿದೀವಪ್ಪ’ ಅನ್ನುತ್ತಿದ್ದ. ಪಕ್ಕದಲ್ಲೇ ಕೂತು ಆ ಮಾತನ್ನು ಐನೂರು ಸಲ ಕೇಳಿಸಿಕೊಂಡವಳಿಗೆ, ಅದು ತನಗೂ ಹೇಳಿದ ಉತ್ತರ ಎಂದೇ ಅನ್ನಿಸಿತ್ತು.

ಐದನೆಯ ದಿನ ಆಸ್ಪತ್ರೆಯಲ್ಲಿ ಒಂದು ದುಪ್ಪಟಿ ಸುಟ್ಟಳು. ಹನ್ನೊಂದು ವರ್ಷದಲ್ಲಿ ಅದೇ ಮೊದಲನೆಯದು. ಮೇಲ್ವಿಚಾರಕಿ ಬೈಯಲಿಲ್ಲ, ಮೈ ಹುಷಾರಿಲ್ಲವೇ ಎಂದು ಕೇಳಿದಳು. ಪರವಾಗಿಲ್ಲ ಅಂದಳು ಅಕ್ಕ.

ಮಾರನೆಯ ಬೆಳಗ್ಗೆ ಇಬ್ಬರಿಗೂ ರಜೆ. ತರಕಾರಿ ತರಲು ಹೋಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರು. ನಡುವೆ ಚೀಲ.

“ಒಂದು ಕೇಳ್ಲಾ?” ಅಂದಳು.

“ಕೇಳು.”

“ಆ ಮೂರು ಯಾವ್ಯಾವುದಕ್ಕೆ?”

ಅವನು ಪರೀಕ್ಷೆಗೆ ಕೂತವನ ಹಾಗೆ ಯೋಚಿಸಿದ. “ಮಗಳ ಓದಿಗೆ ಒಂದು. ಅಮ್ಮನ ಮಂಡಿಗೆ ಒಂದು.”

“ಇನ್ನೊಂದು?”

“ನಲ್ಲೀಲಿ ಬಿಸಿನೀರು ಬರುತ್ತಲ್ಲ, ಅದಕ್ಕೆ.”

ಒಂದು ಬಸ್ಸು ಬಂತು. ಅವರದ್ದಲ್ಲ. ಅದು ಹೋದಮೇಲೆ ಅಕ್ಕ ಅವನ ಕಡೆ ತಿರುಗಿದಳು.

“ಹಾಗಾದ್ರೆ ನಾನು ಬಿಸಿನೀರಿಗಿಂತ ಕಡೆ.”

“ನೀನು ಅದರಲ್ಲಿ ಬರಲ್ಲ” ಅಂದ ಭಾವ. “ನೀನು ಅಲ್ಲೂ ಇದ್ದೆಯಲ್ಲ. ಅವರು ಕೇಳಿದ್ದು ಇಲ್ಲಿಂದು.”

ಅಕ್ಕ ಚೀಲವನ್ನು ಬೆಂಚಿನಿಂದ ಕೆಳಗಿಟ್ಟು ಸ್ವಲ್ಪ ಹತ್ತಿರ ಸರಿದಳು. ಯಾಕೆ ಇಷ್ಟು ವರ್ಷ ಹೇಳಲಿಲ್ಲ ಎಂದು ಕೇಳಿದಳು. ಹೇಳಿದ್ದರೆ ಏನಾಗುತ್ತಿತ್ತು ಎಂದು ಅವನೇ ತಿರುಗಿ ಕೇಳಿದ. ನೀನು ವಾಪಸ್ ಹೋಗೋಣ ಅನ್ನುತ್ತಿದ್ದೆ, ಮಗಳು ಅಳುತ್ತಿದ್ದಳು, ಅಮ್ಮ ಇಬ್ಬರನ್ನೂ ಬೈಯುತ್ತಿದ್ದಳು. ಮೂರು ಮೂರಾಗಿಯೇ ಇರುತ್ತಿತ್ತು, ಅದರ ಮೇಲೆ ಅಳುವವರು ಬೇರೆ. ಈಗ ಹೋಗೋಣವೇ ಎಂದು ಅವಳು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದ. ಅಲ್ಲೂ ಈಗ ಬಾಗಿಲು ಕಾರ್ಖಾನೆಯಿಂದ ಬರುತ್ತದಂತೆ, ತಮ್ಮ ಹೇಳಿದ್ದ. ಅಲ್ಲಿ ಹೋದರೆ ಬಿಸಿನೀರಿನ ಒಂದು ಹೋಗಿ ಎರಡಾಗುತ್ತದೆ.

ಎರಡು ತಿಂಗಳ ಮೇಲೆ ಸಮೀಕ್ಷೆಯ ಫಲಿತಾಂಶ ಬಂತು. ಒಂದು ಶನಿವಾರ ಮಧ್ಯಾಹ್ನ ಬಡಾವಣೆಯ ಸಭಾಂಗಣದಲ್ಲಿ ನಮ್ಮವರನ್ನೆಲ್ಲ ಕರೆಸಿದ್ದರು. ನೂರು ಕುರ್ಚಿ, ಅರವತ್ತು ಜನ, ಗೋಡೆಯ ಮೇಲೆ ಬಿಳಿ ಪರದೆ. ವೇದಿಕೆಯ ಮೇಲೆ ಕಚೇರಿಯ ಮುಖ್ಯಸ್ಥ, ಅವನ ಪಕ್ಕ ಪ್ರಶ್ನೆ ಮೇಡಂ, ಒಂದು ತುದಿಯಲ್ಲಿ ಮೈಕು ಹಿಡಿದ ಅಕ್ಕ. ಭಾವ, ಅತ್ತೆ, ಮಗಳು ಮೂರನೆಯ ಸಾಲಿನಲ್ಲಿದ್ದರು.

ಮುಖ್ಯಸ್ಥ ದೊಡ್ಡ ದನಿಯ ಸಜ್ಜನ. ನಿಮ್ಮ ಭಾಷೆಯವರ ಸರಾಸರಿ ತೃಪ್ತಿ ಏಳು ಬಿಂದು ಒಂಬತ್ತು, ಎಲ್ಲ ಭಾಷೆಯವರ ಪೈಕಿ ನೀವು ಮೂರನೆಯ ಸ್ಥಾನದಲ್ಲಿದ್ದೀರಿ ಎಂದು ಹೇಳಿದ. ಅಕ್ಕ ಅನುವಾದ ಮಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಎರಡು ಸ್ಥಾನ ಯಾರಿಗೆ ಎಂದು ಕೆಲವರಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆಮೇಲೆ ಪರದೆಯ ಮೇಲೆ ಕಂಬಗಳ ಚಿತ್ರ ಬಂತು. ಏಳು, ಎಂಟು, ಒಂಬತ್ತು, ಹತ್ತರ ಮೇಲೆ ಎತ್ತರದ ಕಂಬಗಳು. ಅವುಗಳಿಂದ ದೂರ, ಮೂರರ ಮೇಲೆ, ಒಂದು ಗೇಣುದ್ದದ ಮೋಟು ಕಂಬ. ಕೆಳಗೆ ‘ಒಬ್ಬರು’ ಎಂದು ಬರೆದಿತ್ತು.

“ಯಾರಪ್ಪ ಆ ಪುಣ್ಯಾತ್ಮ?” ಅಂದ ಬಸ್ಸಿನವನು. “ಅವನಿಲ್ಲದಿದ್ರೆ ಎರಡನೇ ಸ್ಥಾನ ಬರ್ತಿತ್ತು.”

ಜನ ನಕ್ಕರು. ಅಷ್ಟು ಕಷ್ಟವಾಗಿದ್ದರೆ ಇಲ್ಲಿ ಯಾಕಿರಬೇಕು, ಹೊರಟುಹೋಗಬಾರದೇ ಎಂದು ಹಿಂದಿನಿಂದ ಯಾರೋ ಅಂದರು. ಉಂಡ ಮನೆಯ ಜಂತೆ ಎಣಿಸುವವರು ಎಲ್ಲ ಕಡೆಯೂ ಇರುತ್ತಾರೆ ಎಂದು ಕಟಿಂಗ್ ಮಾವ ಸೇರಿಸಿದ. ಏನು ಹೇಳುತ್ತಿದ್ದಾರೆ ಎಂದು ಮುಖ್ಯಸ್ಥ ಕೇಳಿದ. ಅಕ್ಕ ಎಲ್ಲವನ್ನೂ ಹೇಳಿದಳು, ಜಂತೆಯನ್ನೂ ಬಿಡದೆ. ಯಾರ ಉತ್ತರ ಯಾವುದು ಎಂಬುದು ಗುಟ್ಟು, ಅದನ್ನು ಊಹಿಸುವುದೂ ತಪ್ಪು ಎಂದು ಮುಖ್ಯಸ್ಥ ಗಂಭೀರವಾಗಿ ತಿಳಿಸಿದ. ಅಕ್ಕ ಅದನ್ನು ನಮ್ಮ ಭಾಷೆಗೆ ತರುತ್ತಿದ್ದಾಗ ಮೂರನೆಯ ಸಾಲಿನಲ್ಲಿ ಒಂದು ಕುರ್ಚಿ ಸರಿಯಿತು. ಭಾವ ಎದ್ದು ನಿಂತಿದ್ದ.

“ನಾನೇ” ಅಂದ.

ಎಲ್ಲರೂ ಅವನ ಕಡೆ ತಿರುಗಿದರು. ಅಕ್ಕ ಮೈಕು ಬಾಯಿಯ ಹತ್ತಿರ ತಂದು ಆ ದೇಶದ ಭಾಷೆಯಲ್ಲಿ “ನಾನೇ” ಅಂದಳು. ಮುಖ್ಯಸ್ಥ ಗಾಬರಿಯಿಂದ ಅವಳ ಕಡೆ ತಿರುಗಿ, ನಮ್ಮ ಕಚೇರಿಯಿಂದ ಏನಾದರೂ ತೊಂದರೆಯಾಯಿತೇ ಎಂದು ಮೆಲ್ಲಗೆ ಕೇಳಿದ. ಪ್ರಶ್ನೆ ಮೇಡಂ ಅವನ ಕಿವಿಯಲ್ಲಿ ಏನೋ ಹೇಳಿ ಸರಿ ಮಾಡಿದಳು.

ಭಾವನಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ಅದರ ಮರಕ್ಕೆ ಹೇಳುವವನ ಹಾಗೆ ಹೇಳಿದ.

“ಎಲ್ಲಿ ಕೆಲಸ ಅಂತ ಎಲ್ಲರೂ ಕೇಳಿದೀರಿ. ಏನು ಕೆಲಸ ಬರುತ್ತೆ ಅಂತ ಹನ್ನೊಂದು ವರ್ಷದಲ್ಲಿ ಒಬ್ಬರೂ ಕೇಳ್ಲಿಲ್ಲ. ನಾನು ಬಾಗಿಲು ಮಾಡೋನು. ನಾನೂ ನಿಮ್ಮಲ್ಲಿ ಯಾರನ್ನೂ ಕೇಳಿಲ್ಲ, ಬಿಡಿ. ಯಾರ ಮೇಲೂ ಸಿಟ್ಟಿಲ್ಲ. ಕೇಳಿದ್ರು, ಇದ್ದಿದ್ದು ಹೇಳಿದೆ.”

ಕೂತುಕೊಂಡ. ಅತ್ತೆ ತಲೆ ಬಗ್ಗಿಸಿ ಸೆರಗಿನ ಅಂಚು ಸರಿ ಮಾಡಿಕೊಂಡಳು. ಮಗಳು ಅಪ್ಪನ ಕೈ ಹಿಡಿದುಕೊಂಡಳು. ಆ ವಯಸ್ಸಿನ ಮಕ್ಕಳು ನಾಲ್ಕು ಜನರ ಎದುರಿಗೆ ಹಾಗೆ ಮಾಡುವುದಿಲ್ಲ. ಅಕ್ಕ ಅವನ ಮಾತನ್ನು ಅನುವಾದ ಮಾಡಲು ಶುರು ಮಾಡಿ, ‘ನಾನು ಬಾಗಿಲು ಮಾಡೋನು’ ಅನ್ನುವಲ್ಲಿಗೆ ಬಂದಾಗ ನಿಲ್ಲಿಸಿ ನೀರು ಕುಡಿದಳು. ನೀರು ಕುಡಿದು ಅಲ್ಲಿಂದಲೇ ಮುಂದುವರಿಸಿದಳು.

ಆಮೇಲೆ ಕಟಿಂಗ್ ಮಾವ ಕೈ ಎತ್ತಿದ. ತಾನು ಕಾಗದಪತ್ರದ ಭಯಕ್ಕೆ ಹನ್ನೊಂದು ಹೇಳಿದ್ದೆ, ಇವರು ಹತ್ತು ಬರೆದುಕೊಂಡರು, ಸರಿಯಾಗಿ ನೋಡಿದರೆ ಐದು ಇರಬಹುದು, ಈಗ ತಿದ್ದಲು ಆಗುತ್ತದೆಯೇ ಎಂದು ಕೇಳಿದ. ಅವನು ಕೂರುವ ಮೊದಲೇ ಇನ್ನೊಬ್ಬರು ಎದ್ದು ಒಂಬತ್ತನ್ನು ಆರು ಮಾಡಿ ಅಂದರು. ಒಬ್ಬಳು ತನಗೆ ಏಳೂ ಅಲ್ಲ ನಾಲ್ಕೂ ಅಲ್ಲ, ಚಳಿಗಾಲಕ್ಕೊಂದು ಬೇಸಿಗೆಗೊಂದು ಬರೆದುಕೊಳ್ಳಿ ಅಂದಳು. ಬಸ್ಸಿನವನ ತಾಯಿ ಕೂತಲ್ಲಿಂದಲೇ ನಂದು ಮೊದಲು ಹೇಳಿದ್ದೇ ಇರಲಿ ಅಂದಳು. ಮೊದಲು ಏನು ಹೇಳಿದ್ದೆ ಎಂದು ಮಗ ಕೇಳಿದ. ಅವಳಿಗೆ ಆಗ ಕಿವಿ ಕೇಳಲಿಲ್ಲ. ಅತ್ತೆ ಎದ್ದು ನಿಂತು ತನ್ನದು ಒಂಬತ್ತು, ಇವರು ಬರೆದುಕೊಂಡೇ ಇಲ್ಲ ಎಂದು ದೂರು ಕೊಟ್ಟಳು.

ಎಲ್ಲವನ್ನೂ ಕೇಳಿಸಿಕೊಂಡ ಮುಖ್ಯಸ್ಥ ಮೇಡಂ ಜೊತೆ ಪಿಸುಗುಟ್ಟಿ ಎದ್ದ. ವರದಿ ಆಗಲೇ ಅಚ್ಚಾಗಿದೆ, ಅಂಕ ಬದಲಾಯಿಸಲು ಬರುವುದಿಲ್ಲ, ತೃಪ್ತಿಯಲ್ಲಿ ವ್ಯತ್ಯಾಸವಾದವರು ಮುಂದಿನ ಸಮೀಕ್ಷೆಯವರೆಗೆ ಕಾಯಬೇಕು, ಅದು ಮೂರು ವರ್ಷದ ಮೇಲೆ ಎಂದು ತಿಳಿಸಿದ. ಅಕ್ಕ ಅದನ್ನು ಹೇಳಿದಳು. ಮೂರು ವರ್ಷ ತಾನೇ ಎಂದು ಜನ ಒಪ್ಪಿಕೊಂಡು ಟೀ ಕುಡಿಯಲು ಎದ್ದರು.

ಟೀ ಮೇಜಿನ ಹತ್ತಿರ ಕಟಿಂಗ್ ಮಾವ ಭಾವನ ಪಕ್ಕ ಬಂದು ನಿಂತ. ಜಂತೆಯ ಮಾತು ಆಡಿದ್ದು ತಪ್ಪಾಯಿತು ಎಂದು ಹೇಳಬೇಕೆಂದೇ ಬಂದವನು, ನಾಲಗೆ ಹೊರಳದೆ ಬೇರೆಯದನ್ನೇ ಹೇಳಿದ.

“ನನ್ನ ಅಂಗಡಿ ಬಾಗಿಲು ನೆಲಕ್ಕೆ ಉಜ್ಜುತ್ತೆ. ಆರು ವರ್ಷ ಆಯ್ತು, ಬರೋರೆಲ್ಲ ಭುಜ ಕೊಟ್ಟೇ ಒಳಗೆ ಬರ್ತಾರೆ.”

“ಗೊತ್ತು” ಅಂದ ಭಾವ. “ತಿಂಗಳಿಗೊಂದು ಸಲ ನಾನೂ ಭುಜ ಕೊಟ್ಟಿದೀನಿ.”

“ನೋಡ್ತೀಯಾ?”

“ನೋಡಿದ್ದೀನಿ. ಮೇಲಿನ ಕೀಲು ಸಡಿಲ ಆಗಿದೆ, ಕೆಳಗಡೆ ಮರ ಉಬ್ಬಿದೆ.”

ಮುಂದಿನ ರಜೆಯ ದಿನ ಭಾವ ಮರ ಕೀಸುವ ಉಳಿಯೊಂದನ್ನು ಕೊಳ್ಳಲು ಅಂಗಡಿಗೆ ಹೋದ. ಅಕ್ಕನೂ ಜೊತೆಗೆ ಹೋದಳು. ಸೀರೆ ಅಂಗಡಿಗೆ ಹೋದ ಹೆಂಗಸರೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ಒಂದೊಂದನ್ನೂ ಕೈಗೆತ್ತಿ ತೂಗಿ, ಅಲಗನ್ನು ಬೆಳಕಿಗೆ ಹಿಡಿದು, ಕೆಳಗಿಟ್ಟು, ಮತ್ತೆ ಮೊದಲನೆಯದಕ್ಕೇ ಬಂದ. ಅವನು ಹಾಗೆ ಒಂದು ವಸ್ತುವನ್ನು ಮುಟ್ಟಿದ್ದನ್ನು ಅಕ್ಕ ಬಹಳ ವರ್ಷದಿಂದ ನೋಡಿರಲಿಲ್ಲ. ಕಟಿಂಗ್ ಮಾವನ ಬಾಗಿಲನ್ನು ಕೀಲಿನಿಂದ ಬಿಡಿಸಿ, ಹಿತ್ತಲಿನಲ್ಲಿ ಎರಡು ಸ್ಟೂಲಿನ ಮೇಲೆ ಅಡ್ಡ ಮಲಗಿಸಿ ಕೀಸಿದ. ಮೊದಲ ಎರಡು ಎಳೆತಕ್ಕೆ ಬರೀ ಪುಡಿ ಉದುರಿತು, ಮೂರನೆಯದಕ್ಕೆ ಮರದ ಸುರುಳಿ ಉದ್ದಕ್ಕೆ ಎದ್ದುಬಂತು. ಸಂಜೆಗೆ ಬಾಗಿಲು ಒಂದು ಬೆರಳು ತಾಗಿಸಿದರೆ ತೆರೆಯುವ ಹಾಗಾಯಿತು. ಅಭ್ಯಾಸಬಲದಿಂದ ಭುಜ ಕೊಟ್ಟ ಇಬ್ಬರು ಗಿರಾಕಿಗಳು ಮರುದಿನ ನೇರ ಕನ್ನಡಿಯವರೆಗೂ ಹೋಗಿ ನಿಂತರಂತೆ.

ಸುದ್ದಿ ಹಬ್ಬಲು ಅಷ್ಟು ಸಾಕಾಯಿತು. ನಮ್ಮವರ ಮನೆಗಳಲ್ಲಿ ಎಷ್ಟು ಬಾಗಿಲು ಕಿರುಗುಟ್ಟುತ್ತಿದ್ದವು, ಎಷ್ಟು ಕಪಾಟು ಓರೆಯಾಗಿ ನಿಂತಿದ್ದವು ಎಂದು ಆಗಲೇ ತಿಳಿದದ್ದು. ಜನ ಬಾಗಿಲು ಭಾವ ಎಂದು ಕರೆಯತೊಡಗಿದರು. ವಾರದ ದಿನಗಳಲ್ಲಿ ಅವನು ಹಿಂದಿನಂತೆಯೇ ಗೋದಾಮಿಗೆ ಹೋಗಿ ಪೊಟ್ಟಣಕ್ಕೆ ಹದಿನಾರು ಸ್ಕ್ರೂ ಎಣಿಸಿ ಹಾಕುತ್ತಿದ್ದ. ಆ ಕೆಲಸಕ್ಕೆ ಅವನ ಅಂಕ ಎರಡೇ. ರಜೆಯ ದಿನ ಮಾತ್ರ ಬೆಳಗಾಗುವಾಗಲೇ ಚೀಲ ಹೆಗಲಿಗೇರುತ್ತಿತ್ತು.

ಮನೆಯಲ್ಲಿ ಒಂದೇ ಒಂದು ತೊಂದರೆಯಾಯಿತು. ಹನ್ನೊಂದು ವರ್ಷ ಒಂದನ್ನೂ ದೂರದಿದ್ದ ಮನುಷ್ಯ ಈಗ ಬಾಯಿ ತೆರೆದರೆ ದೂರು. ಇಲ್ಲಿಯ ಮರ ಮರವಲ್ಲ, ಹೊಟ್ಟು ಕಲಸಿ ಒತ್ತಿದ ಹಲಗೆ. ಕೀಲುಗಳು ತಗಡು. ಈ ದೇಶದಲ್ಲಿ ಬಾಗಿಲ ಚೌಕಟ್ಟು ಕೂರಿಸುವವರಿಗೆ ಕಣ್ಣಿಲ್ಲ. ಊಟಕ್ಕೆ ಕೂತರೂ ಅದೇ, ಎದ್ದರೂ ಅದೇ. ಮೂರು ಇದ್ದಾಗಲೇ ಮನೆ ತಣ್ಣಗಿತ್ತು ಎಂದು ಅತ್ತೆ ಗೊಣಗಿದಳು. ಅಪ್ಪ, ಈಗ ಎಷ್ಟು ಎಂದು ಮಗಳು ಒಂದು ದಿನ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು.

“ನಾಲ್ಕು” ಅಂದ ಅವನು. “ಮರ ಚೆನ್ನಾಗಿದ್ದಿದ್ರೆ ಐದು.”

ಅಕ್ಕನೂ ಈಗ ಕೇಳುವುದನ್ನು ಕಲಿತಿದ್ದಳು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗಂಡನನ್ನು ಇವತ್ತು ಹೇಗಾಯಿತು ಎಂದು ಕೇಳಿದರೆ ಸಾಕು, ಇಳಿಯುವ ನಿಲ್ದಾಣ ಬರುವವರೆಗೂ ಅವನು ಕೀಲು, ಚಿಲಕ, ಚೌಕಟ್ಟು ಎಂದು ಹೇಳುತ್ತಿದ್ದ. ಅವಳಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಯಾರಿಗೂ ಅನುವಾದ ಮಾಡಿ ಹೇಳಬೇಕಾಗಿಲ್ಲವಾದ್ದರಿಂದ ಅರ್ಥವಾದಷ್ಟಕ್ಕೆ ತಲೆಯಾಡಿಸುತ್ತಿದ್ದಳು.

ಒಂದು ರಜೆಯ ಬೆಳಗ್ಗೆ ಅದೇ ಕಟ್ಟಡದ ಐದನೆಯ ಮಹಡಿಯ ಮುದುಕನೊಬ್ಬ ಬಂದು ಬಾಗಿಲು ತಟ್ಟಿದ. ಅವನೂ ಬೇರೆ ದೇಶದಿಂದ ಬಂದವನು. ಅವನ ಭಾಷೆ ಅಕ್ಕನಿಗೂ ಬಾರದು, ಆ ದೇಶದ ಭಾಷೆ ಅವನಿಗೂ ಅಷ್ಟಕ್ಕಷ್ಟೇ. ಕೈಯಲ್ಲಿ ಮುರಿದ ಕೀಲೊಂದನ್ನು ಹಿಡಿದುಕೊಂಡು ಬಂದಿದ್ದ. ಅದನ್ನು ಎತ್ತಿ ತೋರಿಸಿ ಮೇಲಕ್ಕೆ ಕೈ ಮಾಡಿದ. ಭಾವ ಚೀಲ ಎತ್ತಿಕೊಂಡ. ಅನುವಾದ ಬೇಕಾದೀತು ಎಂದು ಅಕ್ಕನೂ ಹೊರಟಳು.

ಬಾಲ್ಕನಿಗೆ ಹೋಗುವ ಬಾಗಿಲು ಅದು. ಒಂದೇ ಕೀಲಿನಲ್ಲಿ ಜೋತಾಡುತ್ತಿತ್ತು. ಭಾವ ಅದನ್ನು ಬೆರಳಿನಿಂದ ಕುಟ್ಟಿ ಸದ್ದು ಕೇಳಿ, ಇದು ಮರವೇ ಅಲ್ಲ ಎಂದು ನಮ್ಮ ಭಾಷೆಯಲ್ಲಿ ಹೇಳಿದ. ಮುದುಕನೂ ಕುಟ್ಟಿ ನೋಡಿ ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿ ಕಿಟಕಿಯಾಚೆ ಊರಿನ ಕಡೆಗೆ ಕೈ ಬೀಸಿದ. ಅದೇ ಮತ್ತೆ ಅಂದ ಭಾವ. ಇಬ್ಬರೂ ಹೀಗೆ ಅರ್ಧ ಗಂಟೆ ಮಾತಾಡಿದರು. ಅಕ್ಕ ಅಲ್ಲೇ ಒಂದು ಕುರ್ಚಿಯಲ್ಲಿ ಕೂತು, ಮುದುಕ ಕೊಟ್ಟ ಟೀ ಕುಡಿಯುತ್ತ, ಮಾಡಲು ಏನೂ ಇಲ್ಲದೆ ನೋಡುತ್ತಿದ್ದಳು.

“ಇಲ್ಲಿ ಬಾ, ಇದನ್ನ ಹಿಡಿ” ಎಂದು ಭಾವ ಕರೆದ. ಅವಳು ಲೋಟ ಇಟ್ಟು ಬಂದು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದಳು.

“ಅಲ್ಲಲ್ಲ. ಇನ್ನೂ ಸ್ವಲ್ಪ ಕೆಳಗೆ.”

ಅವಳು ಬಗ್ಗಿ ಇನ್ನೂ ಸ್ವಲ್ಪ ಕೆಳಗೆ ಹಿಡಿದಳು.